ಬಾಯಲ್ಲೊಂದು ಲವಂಗ

ನಮ್ಮ ಅತ್ತಿಗೆ ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದು ಕಡಿಮೆ. ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಬಾಗಿಲಿಗೆ ಓಡಾಡುತ್ತಾರೆ. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಏನೋ ನೆನಪಾಗಿ ಕೈ ಅಲ್ಲೇ ನಿಂತುಬಿಡುತ್ತದೆ.

“ಏನೇ, ತಟ್ಟೇಲಿ ಹುಳ ಬಿದ್ದಿದ್ಯಾ?” ಅಂತ ಅಮ್ಮ ಕೇಳುತ್ತಾಳೆ.

“ಇಲ್ಲ ಅತ್ತೆ. ಒಂಬತ್ತನೇ ಕ್ಲಾಸು.”

ಅತ್ತಿಗೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಾನು ಅದೇ ಶಾಲೆಯ ವ್ಯಾನು ಓಡಿಸುತ್ತೇನೆ. ಅಣ್ಣನದು ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಂಗಡಿ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಪಾಠದ ಬಗ್ಗೆ ದೊಡ್ಡ ಮಾತು ನನಗೆ ಬರುವುದಿಲ್ಲ. ಕಂಡಿದ್ದು, ಕೇಳಿದ್ದು ಬರೆಯುತ್ತೇನೆ.

ಬಿಡಿಸಿ ಹೇಳುವುದರಲ್ಲಿ ಅತ್ತಿಗೆಯದು ಎತ್ತಿದ ಕೈ. ಅವರ ತಾಯಿ ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಅಲ್ಲಿಗೆ ಬಂದವರ ಕಾಗದ ಏನು, ಸಹಿ ಎಲ್ಲಿ ಹಾಕಬೇಕು, ಕಚೇರಿಯ ಯಾವ ಕಿಟಕಿಗೆ ಹೋಗಬೇಕು ಅಂತ ಅತ್ತಿಗೆ ಫ್ರಾಕು ಹಾಕುವ ವಯಸ್ಸಿನಲ್ಲೇ ಎಲ್ಲರಿಗೂ ಹೇಳಿಕೊಡುತ್ತಿದ್ದರಂತೆ. ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸದರಲ್ಲಿ, ಮಿಕ್ಸಿಯ ಮೋಟಾರು ಹೇಗೆ ತಿರುಗುತ್ತದೆ ಅಂತ ಅಣ್ಣನಿಗೇ ಪಾಠ ಮಾಡಿದರು. ಅಣ್ಣ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು ಪೂರ್ತಿ ಕೇಳಿದ. ಕೊನೆಗೆ ಅವರು “ಅರ್ಥ ಆಯ್ತಾ?” ಅಂದರು. “ಆಯ್ತು ಟೀಚರಮ್ಮಾ” ಅಂದ. ಅವತ್ತಿನಿಂದ ಅವನು ಅವರನ್ನು ಕರೆಯುವುದು ಹಾಗೆಯೇ.

ಶಾಲೆಯಲ್ಲೂ ಅವರ ಪಾಠಕ್ಕೆ ಒಳ್ಳೆ ಹೆಸರಿತ್ತು. ಬೋರ್ಡಿನ ಮೇಲೆ ಚಿತ್ರ, ಬಾಯಲ್ಲಿ ಉದಾಹರಣೆ. ಗಂಟೆ ಹೊಡೆಯುವವರೆಗೆ ಒಂದು ಗಳಿಗೆ ಖಾಲಿ ಬಿಡುತ್ತಿರಲಿಲ್ಲ. “ಅರ್ಥ ಆಯ್ತಾ?” ಅಂದರೆ ಇಡೀ ಕ್ಲಾಸು ಒಂದೇ ಉಸಿರಿಗೆ “ಆಯ್ತೂ” ಅನ್ನುತ್ತಿತ್ತು. ಗೇಟಿನ ಹತ್ತಿರ ವ್ಯಾನಿನಲ್ಲಿ ಕೂತ ನನಗೂ ಆ ಕೂಗು ಕೇಳಿಸುತ್ತಿತ್ತು.

ಕೆಟ್ಟಿದ್ದು ಅರ್ಧವಾರ್ಷಿಕ ಪರೀಕ್ಷೆಯಲ್ಲಿ. ತಣ್ಣೀರಿನ ಲೋಟದ ಹೊರಮೈಗೆ ಹನಿ ಯಾಕೆ ಕೂರುತ್ತದೆ ಅಂತ ಅತ್ತಿಗೆ ಪಾಠ ಮಾಡಿದ್ದರು. ಪರೀಕ್ಷೆಯಲ್ಲಿ ಪ್ರತಿ ವರ್ಷ ಲೋಟದ ಬಗ್ಗೆಯೇ ಕೇಳುತ್ತಿದ್ದರು. ಈ ಸಲ ಏನನ್ನಿಸಿತೋ, ಪ್ರಶ್ನೆ ಬದಲಾಯಿಸಿದರು. ಚಳಿಯ ಬೆಳಿಗ್ಗೆ ಶಾಲೆಯ ವ್ಯಾನಿನ ಗಾಜು ಒಳಗಡೆಯಿಂದ ಮಬ್ಬಾಗುವುದು ಯಾಕೆ ಅಂತ ಕೇಳಿದರು.

ಮಕ್ಕಳು ವ್ಯಾನನ್ನು ಬಿಟ್ಟು ಲೋಟವನ್ನೇ ಬರೆದರು. ಲೋಟದ ಚಿತ್ರ, ಸಾಂದ್ರೀಕರಣ ಅನ್ನುವ ಪದ, ಅದರ ಅರ್ಥ, ಎಲ್ಲರದೂ ಒಂದೇ ಅಚ್ಚು. “ಈಗ ನಮ್ಮ ಮನೆಯ ಸ್ಟೀಲ್ ಲೋಟವನ್ನೇ ತಗೊಳ್ಳಿ” ಅನ್ನುವ ಅತ್ತಿಗೆಯ ಬಾಯಿಮಾತು ಕೂಡ ಹಾಗೇ ಇಳಿದಿತ್ತು. ಒಬ್ಬ ಮಾತ್ರ ವ್ಯಾನಿನ ಬಗ್ಗೆ ಬರೆದಿದ್ದ: ‘ಡ್ರೈವರ್ ಮಾಮ ಸರಿಯಾಗಿ ಒರೆಸದೆ ಇರುವುದರಿಂದ.’

ಅಣ್ಣನಿಗೆ ನಗು ತಡೆಯಲಾಗಲಿಲ್ಲ. “ನೋಡೋ, ವಿಜ್ಞಾನದಲ್ಲಿ ನೀನೂ ಒಂದು ಕಾರಣ ಆಗ್ಬಿಟ್ಟೆ!”

ಅತ್ತಿಗೆ ನಗಲಿಲ್ಲ. “ಒಬ್ರಲ್ಲ ರೀ, ಇಡೀ ಕ್ಲಾಸು. ನನ್ ಮಾತನ್ನ ನನಗೇ ವಾಪಸ್ ಕೊಟ್ಟಿದ್ದಾರೆ. ಇವ್ರಿಗೆ ಪಾಠ ಬಂದಿಲ್ಲ, ನಾನು ಬಾಯಿಪಾಠ ಆಗಿದೀನಿ.”

ಹೆಡ್‌ಮಾಸ್ಟರು ಕರೆಸಿದರು. ಮುಂದಿನ ತಿಂಗಳು ಇನ್‌ಸ್ಪೆಕ್ಷನ್ನಿಗೆ ಸಾಹೇಬರು ಬರುವವರಿದ್ದರು. ಅವರು ಒಂಬತ್ತನೇ ಕ್ಲಾಸಿನ ವಿಜ್ಞಾನ ನೋಡುತ್ತಾರೆ. ಮಕ್ಕಳು ಅವತ್ತು ಬಾಯಿ ಬಿಟ್ಟು ಚೆನ್ನಾಗಿ ಹೇಳಿದರೆ ಸರಿ. ಇಲ್ಲದಿದ್ದರೆ ಆ ಕ್ಲಾಸು ನೋಟ್ಸ್ ಮೇಷ್ಟ್ರಿಗೆ ಹೋಗುತ್ತದೆ. ಮುಂದಿನ ವರ್ಷ ಹತ್ತಕ್ಕೂ ಅವರೇ. ಹೀಗಂತ ಹೇಳಿ ಕಳಿಸಿದರು.

ನೋಟ್ಸ್ ಮೇಷ್ಟ್ರು ಅಂದರೆ ಕೆಟ್ಟವರಲ್ಲ. ಕತ್ತಿಗೆ ಮಫ್ಲರ್ ಸುತ್ತಿಕೊಂಡು, ಮಕ್ಕಳ ಕೈ ಬರೆಯುವಷ್ಟು ನಿಧಾನಕ್ಕೆ ನೋಟ್ಸ್ ಹೇಳುತ್ತಾರೆ. ಅವರ ಮಕ್ಕಳು ಪಾಸೂ ಆಗುತ್ತಾರೆ. ಆದರೆ ಒಂಬತ್ತನೆಯವರನ್ನು ಅತ್ತಿಗೆ ಎಂಟರಿಂದ ಕೈ ಹಿಡಿದು ತಂದಿದ್ದರು. ಯಾವ ಹುಡುಗ ಕನ್ನಡಕ ಮುಚ್ಚಿಡುತ್ತಾನೆ, ಯಾವ ಹುಡುಗಿ ತಿಂಡಿ ತಿನ್ನದೆ ಬರುತ್ತಾಳೆ, ಎಲ್ಲ ಅವರಿಗೆ ಗೊತ್ತು. ಆ ಮಕ್ಕಳನ್ನು ಬಿಟ್ಟುಕೊಡುವುದು ಅಂದರೆ ಅತ್ತಿಗೆಗೆ ಆಗದ ಮಾತು.

ಮೊದಲು ಪ್ರಶ್ನೆಯನ್ನು ಬೈದುಕೊಂಡರು. ಆಮೇಲೆ ಮಕ್ಕಳನ್ನು ಬೈದರು. “ಎಷ್ಟು ಸಲ ಹೇಳಿದೀನಿ ಅತ್ತೆ, ಎಷ್ಟು ಸಲ!”

“ಹೇಳ್ದೆ ಹೇಳ್ದೆ ಅಂತೀಯ, ಅವು ಏನ್ ಹೇಳ್ತವೆ?” ಅಂದಳು ಅಮ್ಮ.

“ಆಯ್ತು ಅಂತವೆ.”

“ಸರಿ ಮತ್ತೆ, ಆ ಬೀನ್ಸ್ ಹೆಚ್ಚು.”

ಒಂದು ದಿನ ಅತ್ತಿಗೆಯ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ತಲೆ ಕಿವಿ ಮುಚ್ಚುವ ಹಾಗೆ ಸ್ಕಾರ್ಫ್ ಕಟ್ಟಿಕೊಂಡು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತರು. ಕೊರೆಯುವ ಚಳಿ. ಗಾಜೆಲ್ಲ ಮಬ್ಬು. ಮಕ್ಕಳು ಪಕ್ಕದ ಬಾಗಿಲಿನಿಂದ ಹತ್ತಿ ಹಿಂದೆ ಹೋದರು. ಮುಂದೆ ಕೂತವರು ಯಾರು ಅಂತ ಯಾರೂ ನೋಡಲಿಲ್ಲ.

ಒಂಬತ್ತನೆಯವನೊಬ್ಬನಿಗೆ ಸ್ಪೀಕರ್ ಅಂತ ಅಡ್ಡಹೆಸರು. ಅವನು ಪಿಸುಗುಟ್ಟಿದರೂ ಬೀದಿಗೆ ಕೇಳಿಸುತ್ತದೆ. ಅವನು ಎದ್ದು ನಿಂತು, ಸೀಟಿನ ಕಂಬಿಯನ್ನು ಬೋರ್ಡು ಮಾಡಿಕೊಂಡು ಶುರು ಮಾಡಿದ.

“ಮಕ್ಕಳೇ, ನೀರು ಎಲ್ಲಿಂದ ಬಂತು? ಹೇಳಿ ನೋಡೋಣ. ಗಾಳಿಯಿಂದ! ಗಾಳಿಯಲ್ಲಿ ಏನಿದೆ? ಆವಿ ಇದೆ! ಆವಿ ಏನಾಯ್ತು? ತಣ್ಣಗಾಯ್ತು! ತಣ್ಣಗಾದ್ರೆ ಏನಾಗುತ್ತೆ? ನೀರಾಗುತ್ತೆ! ಈಗ ನಮ್ಮ ಮನೆಯ ಸ್ಟೀಲ್ ಲೋಟವನ್ನೇ ತಗೊಳ್ಳಿ...”

“ತಗೊಂಡ್ವಿ ಟೀಚರ್!” ಅಂತ ಹಿಂದಿನಿಂದ ಯಾರೋ ಕೂಗಿದರು.

“ಅರ್ಥ ಆಯ್ತಾ?”

“ಆಯ್ತೂ!”

“ಏನ್ ಅರ್ಥ ಆಯ್ತು?”

“ಬೆಲ್ ಆಯ್ತು!”

ವ್ಯಾನೇ ಅಲ್ಲಾಡುವ ಹಾಗೆ ನಕ್ಕರು. ನಾನು ಹಾರ್ನ್ ಹೊಡೆದೆ. ಬೇರೇನೂ ತೋಚಲಿಲ್ಲ. ಅತ್ತಿಗೆ ನನ್ನ ತೋಳು ಮುಟ್ಟಿ ಸುಮ್ಮನಿರು ಅಂದರು. ಗೇಟಿನಲ್ಲಿ ಅವರು ಇಳಿದಾಗ ಸ್ಪೀಕರಿನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನನ್ನು ನೋಡಿ “ಚೆನ್ನಾಗಿ ಮಾಡ್ತೀಯ ಕಣೋ” ಅಂದರು, ಅಷ್ಟೇ. ಒಳಗೆ ಹೋದರು.

ಅವತ್ತು ಸಂಜೆ ಬೀನ್ಸ್ ಹೆಚ್ಚುತ್ತಾ ಅಮ್ಮನಿಗೆ ಆ ದಿನದ ಪಾಠವನ್ನು ಮೊದಲಿನಿಂದ ಒಪ್ಪಿಸಿದರು. ತಾನು ಮಾತಾಡಿದ್ದಕ್ಕೆ ಒಂದು ಬೀನ್ಸ್ ಬಲಕ್ಕೆ, ಮಗುವೊಂದು ಮಾತಾಡಿದ್ದಕ್ಕೆ ಒಂದು ಎಡಕ್ಕೆ. ಬಲಗಡೆ ಗುಡ್ಡೆ ಬಿತ್ತು. ಎಡಗಡೆ ಇದ್ದವು ಒಂದು ಹಿಡಿಯಷ್ಟೂ ಇಲ್ಲ.

“ಕೇಳೋಳೂ ನಾನೇ, ಹೇಳೋಳೂ ನಾನೇ. ಮಧ್ಯದಲ್ಲಿ ಅವ್ರು ಬಾಯಿ ತೆಗೆಯೋಕೆ ಜಾಗ ಎಲ್ಲಿದೆ?”

“ಅದಕ್ಯಾಕೆ ತರಕಾರಿ ಹಾಳು ಮಾಡ್ತೀಯ?” ಅಂದಳು ಅಮ್ಮ.

ಆಮೇಲೆ ಅದೇ ಅಭ್ಯಾಸವಾಯಿತು. ಬೀನ್ಸ್ ಇಲ್ಲದಿದ್ದರೆ ಬಟಾಣಿ. ದಿನಾ ಸಂಜೆ ಎರಡು ಗುಡ್ಡೆ. ಎಲ್ಲಿ ಬಾಯಿ ಹಾಕಿದೆ, ಯಾಕೆ ಹಾಕಿದೆ, ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಅಂತ ಹಿಂದೆ ಹಿಂದೆ ಹೋಗಿ ಹುಡುಕುವುದು. ಪ್ರಶ್ನೆ ಕೇಳಿ ಕಾಯಬೇಕು ಅಂತ ನಿರ್ಧಾರ ಮಾಡಿಕೊಂಡು ಹೋಗುತ್ತಿದ್ದರು. ಕ್ಲಾಸಿನಲ್ಲಿ ನಿಂತರೆ ನಾಲಿಗೆ ಕೇಳುತ್ತಿರಲಿಲ್ಲ. ಆ ನಿಶ್ಶಬ್ದ ಮೈಮೇಲೆ ಇರುವೆ ಹರಿದ ಹಾಗೆ ಆಗುತ್ತದೆ ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಸಾಂಬಾರ ಪದಾರ್ಥದ ಡಬ್ಬಿಯಿಂದ ಒಂದಷ್ಟು ಲವಂಗ ತೆಗೆದು ಪುಟ್ಟ ಡಬ್ಬಿಗೆ ಹಾಕಿಕೊಂಡರು.

“ಎಲ್ಲಿಗೇ ಅದು?”

“ಕ್ಲಾಸಿಗೆ ಅತ್ತೆ. ಪ್ರಶ್ನೆ ಕೇಳೋದು, ಬಾಯಿಗೆ ಹಾಕಿ ಕಚ್ಚೋದು. ಖಾರಕ್ಕೆ ಮಾತೇ ಬರಲ್ಲ.”

“ಅಯ್ಯೋ ನನ್ ಸೊಸೆ,” ಅಮ್ಮ ನನ್ನ ಕಡೆ ನೋಡಿದಳು, “ಅಡುಗೆಗೆ ನಾಕು ಉಳಿಸ್ಬಿಟ್ಟು ಹೋಗಮ್ಮ.”

ಲವಂಗ ಕೆಲಸ ಮಾಡಿತು. ಅತ್ತಿಗೆ ಸುಮ್ಮನಾದರು. ಆದರೆ ಕ್ಲಾಸೂ ಸುಮ್ಮನಾಯಿತು. ಮೊದಲು ಆಯ್ತು ಅಂತಲಾದರೂ ಅನ್ನುತ್ತಿದ್ದ ಮಕ್ಕಳು ಈಗ ತಲೆ ಬಗ್ಗಿಸಿ ಕೂರತೊಡಗಿದರು. ಸಂಜೆ ಅತ್ತಿಗೆಯ ಬಲಗಡೆಯ ಗುಡ್ಡೆ ಸಣ್ಣದಾಯಿತು, ಎಡಗಡೆ ಒಂದು ಕಾಯಿಯೂ ಬೀಳಲಿಲ್ಲ. ಇನ್‌ಸ್ಪೆಕ್ಷನ್ ಹತ್ತಿರ ಬರುತ್ತಿತ್ತು. ಅವರಿಗೆ ನಿದ್ದೆ ಹಾರಿಹೋಯಿತು. ಇವರಿಗೆ ಏನೂ ಬರಲ್ಲ, ನಾನೇ ಇಷ್ಟು ವರ್ಷ ಕೂಗಿ ಮುಚ್ಚಿಟ್ಟಿದ್ದೆ ಅಂತ ಹಲುಬುತ್ತಿದ್ದರು.

ಕಾರಣ ನನಗೆ ವ್ಯಾನಿನಲ್ಲಿ ಗೊತ್ತಾಯಿತು. ಸ್ಪೀಕರ್ ಮುಂದೆ ಬಂದು ಕೂತ.

“ಮಾಮ, ಟೀಚರ್‌ಗೆ ದವಡೆ ಹಲ್ಲಾ, ಮುಂದಿಂದಾ?”

“ಯಾಕೋ?”

“ಬಾಯ್ತುಂಬಾ ಲವಂಗದ ವಾಸನೆ. ನಮ್ಮಜ್ಜಿನೂ ಹಲ್ಲು ನೋವಿಗೆ ಅದನ್ನೇ ಇಟ್ಕೊಳ್ಳೋದು. ಪಾಪ, ಒಂದು ಪ್ರಶ್ನೆ ಕೇಳೋಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತೆ. ಅದಕ್ಕೇ ಕ್ಲಾಸಲ್ಲಿ ಎಲ್ರೂ ಮಾತಾಡ್ಕೊಂಡಿದೀವಿ. ಯಾರೂ ಉತ್ತರ ಹೇಳ್ಬಾರ್ದು ಅಂತ. ಹೇಳಿದ್ರೆ ಟೀಚರ್ ಮತ್ತೆ ಮಾತಾಡ್ಬೇಕಾಗುತ್ತಲ್ಲ.”

ಮಧ್ಯಾಹ್ನ ನೋಟ್ಸ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಒಂದು ಮಾತ್ರೆ ಕೊಟ್ಟು, “ಊಟ ಆದ್ಮೇಲೆ ತಗೊಳ್ಳಿ ಮೇಡಂ, ಹಲ್ಲು ಕೀಳಿಸೋದಾದ್ರೆ ಲೇಟ್ ಮಾಡ್ಬೇಡಿ” ಅಂದರಂತೆ. ಅತ್ತಿಗೆಗೆ ಅವರ ಮಾತಿನ ತಲೆಬುಡ ತಿಳಿಯಲಿಲ್ಲ. ಸಂಜೆ ಸ್ಪೀಕರ್ ಹೇಳಿದ್ದನ್ನು ನಾನು ಹೇಳಿದೆ. ಮೊದಲು ನಕ್ಕರು. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಿದ್ದ ಅತ್ತಿಗೆ ಇದ್ದಕ್ಕಿದ್ದ ಹಾಗೆ ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ.

ಮಾರನೇ ದಿನ ಕ್ಲಾಸಿನಲ್ಲಿ ಬಾಯಿ ಅಗಲಿಸಿ ಹಲ್ಲು ತೋರಿಸಿದರಂತೆ. “ನೋಡಿ, ಎಲ್ಲಾ ಗಟ್ಟಿಯಾಗಿವೆ. ಕೆಟ್ಟಿರೋದು ನನ್ ಅಭ್ಯಾಸ. ನಿಮ್ ಸರದಿನಾ ನಾನೇ ನುಂಗ್ತಾ ಇದ್ದೆ. ಅದಕ್ಕೆ ಈ ಲವಂಗ.”

“ಹಾಗಾದ್ರೆ ನಾವು ಮಾತಾಡ್ಬಹುದಾ ಟೀಚರ್?” ಅಂತ ಒಬ್ಬ ಕೇಳಿದನಂತೆ.

“ತಪ್ಪಾದ್ರೂ ಮಾತಾಡಿ.”

ಅಲ್ಲಿಂದ ಸ್ವಲ್ಪ ಸ್ವಲ್ಪ ಶುರುವಾಯಿತು. ಸಂಜೆಯ ಎಡಗಡೆಯ ಗುಡ್ಡೆಗೆ ಕಾಯಿ ಬಿದ್ದವು. ಆದರೂ ಅತ್ತಿಗೆಗೆ ನೆಮ್ಮದಿ ಇಲ್ಲ. ಬಿದ್ದಿದ್ದೆಲ್ಲ ಅದೇ ಮಾತುಗಾರರ ಕಾಯಿ. ಒಬ್ಬ ಹುಡುಗಿ ಇದ್ದಳು. ಎಂಟನೇ ಕ್ಲಾಸಿನಿಂದ ಹಾಜರಿಗೆ ಎಸ್ ಅನ್ನುವುದು ಬಿಟ್ಟರೆ ಬೇರೆ ಮಾತು ಆಡಿದವಳಲ್ಲ. ಮಕ್ಕಳು ಅವಳನ್ನು ತುಟಿಬೀಗ ಅನ್ನುತ್ತಿದ್ದರು. “ಅವಳದೊಂದು ಬಿದ್ರೆ ಸಾಕು ನೋಡು” ಅಂತ ಅತ್ತಿಗೆ ನನ್ನ ಹತ್ತಿರ ಹೇಳುತ್ತಿದ್ದರು. ಗಾಜು ಮಬ್ಬಾಗುವುದು ಯಾಕೆ ಅನ್ನುವುದನ್ನೂ ಮಕ್ಕಳಿಗೆ ಹೇಳಿರಲಿಲ್ಲ. ಅದು ಹಾಗೇ ನಿಂತಿತ್ತು.

ಇನ್‌ಸ್ಪೆಕ್ಷನ್ ದಿನ ಬೆಳಿಗ್ಗೆ ವ್ಯಾನನ್ನು ಶಾಲೆಯ ಅಂಗಳಕ್ಕೆ ತರಲು ಹೇಳಿದರು. ಗಾಜು ಒರೆಸಿ ಒಣಗಿಸಿ, ಎಲ್ಲ ಕಿಟಕಿ ಮುಚ್ಚಿದೆ. ಅರ್ಧ ಕ್ಲಾಸು ಒಳಗೆ, ಅರ್ಧ ಕ್ಲಾಸು ಹೊರಗೆ. ಸಾಹೇಬರು ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ಅಂಗಳದಲ್ಲಿ ನಿಂತರು. ಹೆಡ್‌ಮಾಸ್ಟರು ಅವರ ಪಕ್ಕದಲ್ಲಿ. ನಾನು ನನ್ನ ಸೀಟಿನಲ್ಲೇ ಇದ್ದೆ. ತುಟಿಬೀಗ ನನ್ನ ಹಿಂದಿನ ಸೀಟಿನಲ್ಲಿದ್ದಳು.

ಒಳಗೆ ಮಕ್ಕಳು ಒತ್ತಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಗಾಜಿನ ಅಂಚಿನಲ್ಲಿ ಮಬ್ಬು ಹಿಡಿಯಿತು. ನಿಧಾನಕ್ಕೆ ಮಧ್ಯಕ್ಕೂ ಬಂತು. ಅತ್ತಿಗೆ ಬಾಗಿಲಿನ ಹತ್ತಿರ ನಿಂತು ಕೇಳಿದರು. “ಮೊದಲು ಈ ಗಾಜು ಒಣಗಿತ್ತು. ಈಗ ಈ ನೀರು ಎಲ್ಲಿಂದ ಬಂತು?”

ಕೇಳಿ ಲವಂಗ ಬಾಯಿಗೆ ಹಾಕಿಕೊಂಡರು.

“ಸಾಂದ್ರೀಕರಣ ಟೀಚರ್!” ಅಂದ ಸ್ಪೀಕರ್.

“ಅದು ಹೆಸರು. ನೀರು ಎಲ್ಲಿಂದ ಬಂತು?” ಅಂದರು ಅತ್ತಿಗೆ, ಲವಂಗ ಕೆನ್ನೆಗೆ ಸರಿಸಿ.

ಯಾರೂ ಮಾತಾಡಲಿಲ್ಲ. ಹೆಡ್‌ಮಾಸ್ಟರು ಹೊರಗಿನಿಂದ ಗಾಜಿಗೆ ಮೂಗು ತಾಗಿಸಿ ಪಿಸುಗುಟ್ಟಿದರು. “ಹೇಳ್ರೋ, ಡೆಫಿನಿಷನ್ ಹೇಳ್ರೋ!” ಹೊರಗಿದ್ದವರಲ್ಲಿ ಒಬ್ಬ “ಹೊರಗಿನ ಮಂಜು ಒಳಗೆ ಬಂದಿದೆ” ಅಂದ. ಅತ್ತಿಗೆ ತಲೆ ಆಡಿಸಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಅವರ ದವಡೆ ಬಿಗಿದಿತ್ತು. ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಮಕ್ಕಳು ಆಯ್ತು ಅನ್ನುತ್ತಿದ್ದರು, ಸಾಹೇಬರು ತಲೆದೂಗುತ್ತಿದ್ದರು, ಕ್ಲಾಸು ಉಳಿಯುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಕಣ್ಣಲ್ಲಿ ನೀರು ತುಂಬಿತ್ತು. ಲವಂಗಕ್ಕೋ ಬೇರೆ ಯಾವುದಕ್ಕೋ ಗೊತ್ತಿಲ್ಲ.

ಸಾಹೇಬರು ಗಡಿಯಾರ ನೋಡಿಕೊಂಡರು. “ಪಾಠ ಯಾವಾಗ ಶುರು ಮಾಡ್ತಾರೆ?” ಅಂತ ಹೆಡ್‌ಮಾಸ್ಟರನ್ನು ಕೇಳಿದರು. ಇನ್ನಷ್ಟು ಹೊತ್ತು ನಿಂತರು. ಆಮೇಲೆ ಚಳಿಗೆ ಭುಜ ಕುಗ್ಗಿಸಿಕೊಂಡು ಕಟ್ಟಡದ ಕಡೆ ನಡೆದರು. ಹೆಡ್‌ಮಾಸ್ಟರು ಅವರ ಹಿಂದೆ ಓಡಿದರು.

ಅವರು ಮೆಟ್ಟಿಲು ಹತ್ತುತ್ತಿದ್ದರು. ನನ್ನ ಹಿಂದಿನಿಂದ ಒಂದು ಸಣ್ಣ ದನಿ ಬಂತು. ಯಾರದು ಅಂತ ನನಗೆ ಮೊದಲು ತಿಳಿಯಲಿಲ್ಲ, ಆ ದನಿ ನಾನು ಕೇಳಿಯೇ ಇರಲಿಲ್ಲ.

“ಟೀಚರ್, ಅದು ನಾವೇ ಅಲ್ವಾ?”

ತುಟಿಬೀಗ ಗಾಜಿನ ಮೇಲೆ ಬೆರಳಿಟ್ಟಿದ್ದಳು. “ನಮ್ ಉಸಿರು. ಬಾಯಿಂದ ಹೋಗಿ ಗಾಜಿಗೆ ಕೂತಿದೆ.”

“ಉಸಿರಲ್ಲಿ ನೀರೆಲ್ಲಿರುತ್ತೆ?” ಅಂದ ಸ್ಪೀಕರ್.

“ಕನ್ನಡಿಗೆ ಹಾ ಅಂತ ಊದು, ಕಾಣುತ್ತೆ.”

“ಹಾಗಾದ್ರೆ ಬೇಸಿಗೇಲಿ ಯಾಕೆ ಬರಲ್ಲ? ಆಗ ಉಸಿರಾಡಲ್ವಾ ನೀನು?”

“ಬೇಸಿಗೇಲಿ ಗಾಜು ತಣ್ಣಗಿರಲ್ಲ!”

“ಕಿಟಕಿ ತೆಗಿಯೋ, ನೋಡೋಣ, ಹೋಗುತ್ತಾ ಅಂತ!”

ಒಳಗಿದ್ದವರು ಹೊರಗಿದ್ದವರ ಜೊತೆ, ಹೊರಗಿದ್ದವರು ಒಳಗಿದ್ದವರ ಜೊತೆ ಜಗಳಕ್ಕೆ ಬಿದ್ದರು. ಒಬ್ಬ ಗಾಜಿಗೆ ಊದಿದ, ಇನ್ನೊಬ್ಬ ಕಿಟಕಿ ತೆಗೆದ, ಮತ್ತೊಬ್ಬ ಮುಚ್ಚಿದ. ನಾನು ಅಭ್ಯಾಸಬಲದಿಂದ ಬಟ್ಟೆ ತೆಗೆದು ಮುಂದಿನ ಗಾಜು ಒರೆಸಲು ಹೋದೆ. “ಒರೆಸ್ಬೇಡಿ ಮಾಮಾ!” ಅಂತ ಇಡೀ ವ್ಯಾನು ಕಿರುಚಿತು. ಅತ್ತಿಗೆ ಬಾಗಿಲ ಕಂಬಿ ಹಿಡಿದು ನಿಂತೇ ಇದ್ದರು. ಒಂದೇ ಒಂದು ಮಾತಾಡಲಿಲ್ಲ. ಬೆಲ್ ಹೊಡೆದರೂ ಯಾರೂ ಇಳಿಯಲಿಲ್ಲ.

ಸಾಹೇಬರು ಮಾತ್ರ ತಿರುಗಿ ಬರಲಿಲ್ಲ. ‘ಬೋಧನೆ ನಡೆಯಲಿಲ್ಲ’ ಅಂತ ಬರೆದು ಹೋದರು.

“ಇನ್ನೊಂದು ಗಳಿಗೆ ನಿಂತಿದ್ರೆ ಸಾಕಿತ್ತು ಸರ್” ಅಂದರಂತೆ ಅತ್ತಿಗೆ.

“ಅವರಿಗೆ ಕಾಯೋದು ಒಂದೇ ಕೆಲ್ಸಾನಾ ಮೇಡಂ?” ಅಂದರಂತೆ ಹೆಡ್‌ಮಾಸ್ಟರು. “ಮಕ್ಕಳು ಆಮೇಲೆ ಮಾತಾಡಿದ್ರು ಅಂತ ನಾನು ಎಲ್ಲಿ ಬರೀಲಿ?” ಒಂಬತ್ತನೇ ಕ್ಲಾಸು ನೋಟ್ಸ್ ಮೇಷ್ಟ್ರಿಗೆ ಹೋಯಿತು. ಅತ್ತಿಗೆಗೆ ಎಂಟು ಉಳಿಯಿತು.

ಅವತ್ತು ರಾತ್ರಿ ಅಣ್ಣ ತಮಾಷೆ ಮಾಡಲಿಲ್ಲ. ಅತ್ತಿಗೆ ಬಟಾಣಿ ಸುಲಿದರು, ಗುಡ್ಡೆ ಮಾಡಲಿಲ್ಲ. ಎಲ್ಲ ಒಂದೇ ಪಾತ್ರೆಗೆ ಹಾಕಿದರು. ಅಮ್ಮನೇ ಒಂದು ಕಾಳು ತೆಗೆದು ಎಡಗಡೆ ನೆಲದ ಮೇಲೆ ಇಟ್ಟಳು.

“ಇದು ಆ ಮೂಗಿ ಹುಡುಗೀದು.”

“ಮೂಗಿ ಅಲ್ಲ ಅತ್ತೆ.”

“ಅದಕ್ಕೇ ಇಟ್ಟಿದ್ದು.”

ಸೋಮವಾರ ಸಂಜೆ ಅತ್ತಿಗೆ ವ್ಯಾನಿನಲ್ಲೇ ಬಂದು ಕೂತರು. ಸ್ಕೂಟರ್ ಸರಿಯಾಗಿತ್ತು, ಆದರೂ ಮನೆಯಲ್ಲೇ ಬಿಟ್ಟಿದ್ದರು. ಮಕ್ಕಳು ಹತ್ತುವವರೆಗೆ ಬಾಗಿಲು ತೆಗೆಯುವುದು, ಹಾಕುವುದು, ಕನ್ನಡಿ ಸರಿಮಾಡುವುದು, ಒಂದು ಕಡೆ ನಿಲ್ಲಲಿಲ್ಲ. ಹೊಸ ಮೇಷ್ಟ್ರ ಪಾಠ ಹೇಗಾಯಿತು ಅಂತ ಕೇಳುವ ಆಸೆ ಮುಖದಲ್ಲೇ ಇತ್ತು. ಕೇಳಲಿಲ್ಲ.

ಆಗ ನೋಟ್ಸ್ ಮೇಷ್ಟ್ರು ಮಫ್ಲರ್ ಹಾರಿಸಿಕೊಂಡು ಗೇಟಿನಿಂದ ದಾಪುಗಾಲು ಹಾಕುತ್ತಾ ಬಂದರು. ಕಿಟಕಿಗೆ ತಲೆ ಹಾಕಿ ಉಸಿರು ತೆಗೆದುಕೊಂಡರು.

“ಏನ್ ಮಾಡಿಟ್ಟಿದೀರಿ ಮೇಡಂ ಆ ಕ್ಲಾಸಿಗೆ?”

“ಯಾಕ್ ಮೇಷ್ಟ್ರೇ, ಗಲಾಟೆ ಮಾಡಿದ್ರಾ?”

“ಗಲಾಟೆ ಮಾಡಿದ್ರೆ ಬೈಬಹುದಿತ್ತು. ಎರಡು ಪುಟ ನೋಟ್ಸ್ ಹೇಳ್ದೆ, ಚೆನ್ನಾಗಿ ಬರ್ಕೊಂಡ್ರು. ಕೊನೆಗೆ ಅರ್ಥ ಆಯ್ತಾ ಅಂದೆ. ಒಬ್ರೂ ಆಯ್ತು ಅನ್ನಲ್ಲ! ಇಷ್ಟು ವರ್ಷದಲ್ಲಿ ಹೀಗೆ ಆಗಿಲ್ಲ. ಸುಮ್ನೆ ನನ್ ಮುಖ ನೋಡ್ತಾ ಕೂತಿದ್ದಾರೆ. ಆ ಕಿಟಕಿ ಪಕ್ಕದ ಹುಡುಗಿ ಎದ್ದು, ಇಲ್ಲ ಸರ್ ಅಂದ್ಲು.”

ಹಿಂದಿನ ಸೀಟಿನಲ್ಲಿ ಸ್ಪೀಕರ್ ಕೆಮ್ಮಿದ. ತುಟಿಬೀಗ ಬ್ಯಾಗಿನೊಳಗೆ ಏನೋ ಹುಡುಕತೊಡಗಿದಳು.

“ನೀವೇನ್ ಮಾಡಿದ್ರಿ?” ಅತ್ತಿಗೆ ಸೀಟಿನ ತುದಿಗೆ ಬಂದಿದ್ದರು.

“ಏನ್ ಮಾಡ್ಲಿ? ಮತ್ತೆ ಅದನ್ನೇ ಓದಿ ಹೇಳ್ದೆ. ಮತ್ತೆ ಇಲ್ಲ ಸರ್ ಅಂದ್ಲು. ಅಷ್ಟರಲ್ಲಿ ಬೆಲ್ ಆಯ್ತು, ಬದುಕಿದೆ. ನಾಳೆ ಅವಳಿಗೆ ಏನ್ ಹೇಳ್ಲಿ?”

ಅತ್ತಿಗೆ ಬಾಯಿ ತೆಗೆದರು. ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು, ಯಾವ ಉದಾಹರಣೆ ಕೊಡಬೇಕು, ಎಲ್ಲ ಅವರ ನಾಲಿಗೆಯ ತುದಿಗೆ ಬಂದು ನಿಂತಿದ್ದು ನನಗೆ ಕಂಡಿತು. ಬಾಯಿ ಮುಚ್ಚಿದರು. ಬ್ಯಾಗಿನಿಂದ ಪುಟ್ಟ ಡಬ್ಬಿ ತೆಗೆದು ಒಂದು ಲವಂಗವನ್ನು ಮೇಷ್ಟ್ರ ಅಂಗೈಗೆ ಹಾಕಿದರು.

ಮೇಷ್ಟ್ರು ಅದನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. “ನನಗೆ ಹಲ್ಲು ನೋವಿಲ್ಲ ಮೇಡಂ.”

“ನನಗೂ ಇರ್ಲಿಲ್ಲ ಮೇಷ್ಟ್ರೇ.”

ನಾನು ಗಾಡಿ ಬಿಟ್ಟೆ. ಅತ್ತಿಗೆ ಕತ್ತು ಹೊರಳಿಸಿ ಹಿಂದೆ ನೋಡಲು ಹೋದರು, ಹಿಂದಿನ ಗಾಜು ಮಬ್ಬಾಗಿತ್ತು.

“ಬಾಯಿಗೆ ಹಾಕ್ಕೊಂಡ್ರಾ ನೋಡೋ.”

ನಾನು ಪಕ್ಕದ ಕನ್ನಡಿ ನೋಡಿದೆ. “ಇಲ್ಲ ಅತ್ತಿಗೆ. ಮೂಸಿ ನೋಡಿ ಜೇಬಿಗೆ ಹಾಕ್ಕೊಂಡ್ರು.”

“ಜೇಬಿಗಾ? ಬಿಸಾಕ್ಲಿಲ್ಲ ತಾನೇ?”

“ಇಲ್ಲ.”

ಮನೆ ಬರುವವರೆಗೆ ಅದನ್ನೇ ಇನ್ನೂ ಎರಡು ಸಲ ಕೇಳಿದರು.